ಸೇಬ್ಯಾ ಲಾರಿಗೆ ಸಿಕ್ಕು ಸಾಯಲಿಲ್ಲ

ಮೆಹರ್ ಆಪಾ, ನಿಮ್ಮ ಜ್ವರ ಯಾವುದೆಂದು ಗೊತ್ತಾಗಬಹುದಾಗಿದ್ದ ದಿನ ನಾನು ಸುಳ್ಳು ಹೇಳಿದೆ. ಬಸವಕಲ್ಯಾಣದ ದವಾಖಾನೆಯಲ್ಲಿ ಡಾಕ್ಟರು ಕೇಳಿದ್ದಕ್ಕೆ ‘ಇಲ್ರಿ’ ಅಂದೆ. ತಿಳಿಯದೆ ಅಂದದ್ದಲ್ಲ, ಗೊತ್ತಿದ್ದೇ ಅಂದೆ. ನಿಮಗೆ ಮಗಳ ನಿಕಾಹ್ ಕಣ್ಣಾರೆ ನೋಡುವುದು ತಪ್ಪಿದ್ದು ಆ ಮಾತಿನಿಂದ. ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಇಲ್ಲವಾದರೆ ನಾನು ಮತ್ತೆ ನನಗೆ ಬೇಕಾದಷ್ಟೇ ಹೇಳಿ ಸುಮ್ಮನಾಗಿಬಿಡುತ್ತೇನೆ.

ನಮ್ಮ ಮನೆಯವರು ಹಿಮಾಚಲದಿಂದ ಸೇಬಿನ ಲೋಡು ತಂದು ಹೈದರಾಬಾದಿನಲ್ಲಿ ಇಳಿಸಿ, ಮನೆಗೆ ಬರುವಾಗ ಲಾರಿ ಕ್ಯಾಬಿನ್ನಿನಲ್ಲಿ ಒಂದು ನಾಯಿಮರಿ ಕೂಡಿಸಿಕೊಂಡು ಬಂದರು. ಸೇಬಿನ ಜೋಡಿ ಬಂದದ್ದಕ್ಕೆ ಸೇಬ್ಯಾ ಅಂತ ಹೆಸರಿಟ್ಟೆ. ಓಣಿಯವರೆಲ್ಲ ಮೂಗು ಮುರಿದರು. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವ ಹಳೇ ಮಣ್ಣುಗೋಡೆಯ ಬುಡದಲ್ಲೇ ಅವನು ಮಲಗುತ್ತಿದ್ದ. ನಿಮ್ಮ ಮಗಳು ನಾಜಿಯಾ ಗೊಣಗಿದಾಗ ನೀವೇ ಬಾಯಿ ಮುಚ್ಚಿಸಿದಿರಿ: “ಇರ್ಲಿ ಬಿಡು, ಅದೂ ಒಂದ್ ಜೀವ. ಗ್ವಾಡಿ ಆ ಕಡಿ ಅದು, ಈ ಕಡಿ ನಾವು.” ಮುಟ್ಟುತ್ತಿರಲಿಲ್ಲ ನೀವು, ಆದರೆ ಗೋಡೆಯ ಕಿಂಡಿಯಿಂದ ರೊಟ್ಟಿ ಎಸೆಯುವುದು ಒಂದು ದಿನವೂ ತಪ್ಪಲಿಲ್ಲ.

ಎರಡು ವರ್ಷವಾದ ಮೇಲೆ ಅವನ ಕಣ್ಣಿನ ಸುತ್ತ ಕೂದಲು ಉದುರತೊಡಗಿತು. ಮೈ ಸೊರಗಿತು. ಉಗುರು ಬೆಳೆದು ಬಾಗಿ, ನಡೆದರೆ ಫರಸಿ ಕಲ್ಲಿನ ಮೇಲೆ ಸಪ್ಪಳ. ಇಲ್ಲೇ ದನದ ದವಾಖಾನೆಗೆ ಒಯ್ದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ — ಅದಕ್ಕೆ ಗೋಣಿಚೀಲ ಹೊದಿಸಿ, ಟಮ್‌ಟಮ್ ಆಟೋ ಹತ್ತಿ ಹುಮನಾಬಾದಿಗೆ ಒಯ್ದೆ. ಅಲ್ಲಿಯ ದನದ ಡಾಕ್ಟರು ಅವನ ರಕ್ತ ತೆಗೆದು ಪರೀಕ್ಷೆಗೆ ಹೊರಗೆ ಕಳಿಸಿದರು, ಆಮೇಲೆ ನನ್ನನ್ನು ಮತ್ತೆ ಕರೆಸಿದರು.

“ಎಲ್ಲಿಂದ ತಂದಿರಿ ಇದನ್ನ? ನಮ್ಮ ಕಡಿ ಈ ಬ್ಯಾನಿ ಕಾಣಂಗಿಲ್ಲ. ಕಾಲಾ ಆಜಾರ್ ಅಂತಾರ. ನಾಯಿ ಮುಟ್ಟಿದ್ರ ಹತ್ತಂಗಿಲ್ರಿ. ಗ್ವಾಡಿ ಸಂದ್ಯಾಗ ಇರೋ ಮರಳು ನೊಣ ನಾಯಿಗಿ ಕಡದು, ಆಮ್ಯಾಲ ಮನಶ್ಯಾಗ ಕಡದ್ರ ಬರ್ತದ. ಬಾಜುಕ ಯಾರಿಗರ ಜ್ವರ ಬಂದು ಬಿಡಲಿಲ್ಲಂದ್ರ, ದವಾಖಾನ್ಯಾಗ ಈ ನಾಯಿ ಸುದ್ದಿ ಹೇಳ್ರಿ. ಮರೀಬ್ಯಾಡ್ರಿ.”

ಮರೆಯಲಿಲ್ಲ ಆಪಾ. ಮರೆತಿದ್ದರೆ ಇವತ್ತು ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ಔಷಧ ಶುರುವಾಗುವ ಮೊದಲೇ ಸೇಬ್ಯಾ ಸತ್ತ. ನಮ್ಮವರು ಊರ ಹೊರಗೆ ಹುಗಿದು ಬಂದರು. ಹೈವೇದಲ್ಲಿ ಲಾರಿ ಹಾಯಿತು ಅಂತ ಓಣಿಗೆ ಹೇಳಿದೆವು. ಜಡ್ಡಿನ ನಾಯಿ ತಂದು ಓಣಿಗೆ ಪೀಡೆ ಹಚ್ಚಿದವಳು ಅನ್ನಿಸಿಕೊಳ್ಳಲು ನನಗೆ ಹೆದರಿಕೆ, ಅದಕ್ಕಿಂತ ಹೆಚ್ಚು ನಾಚಿಕೆ. ನೀವು ಕಿಂಡಿಯಿಂದ ಒಂದು ಬಟ್ಟಲು ಖೀರು ದಾಟಿಸಿ, “ಅಳಬ್ಯಾಡ ಸರೂ, ಅದರ ಉಮರ್ ಅಷ್ಟೇ ಇತ್ತು” ಅಂದಿರಿ. ನಾನು ಆ ಖೀರು ತಿಂದೆ. ಉಂಡ ಮನೆಯ ಗಳ ಹಿರಿಯುವುದು ಅಂತಾರಲ್ಲ —

ಮರುವರ್ಷ ನಾಜಿಯಾಳ ನಿಕಾಹ್ ಗೊತ್ತಾಯಿತು. ನೀವು ಆ ಗೋಡೆಗೇ ಬೆನ್ನು ಕೊಟ್ಟು ಕೂತು ಅವಳ ಮದುವೆ ದುಪಟ್ಟಾಕ್ಕೆ ಜರಿ ಅಂಚು ಹೊಲಿಯುತ್ತಿದ್ದಿರಿ. ಆಗ ಹಿಡಿದ ಜ್ವರ ಬಿಡಲಿಲ್ಲ. ಗುಳಿಗೆ ತಗೊಂಡರೆ ಏಳುತ್ತಿದ್ದಿರಿ, ನಾಕು ದಿನಕ್ಕೆ ಮತ್ತೆ ಹಾಸಿಗೆ. ಕೈಕಾಲು ಕಡ್ಡಿ, ಹೊಟ್ಟೆಯ ಎಡಮಗ್ಗುಲು ಮಾತ್ರ ಉಬ್ಬಿತ್ತು. ನಿಮ್ಮ ಯಜಮಾನರು, ಭಾಯಿಜಾನ್, ತೀರಿಹೋದ ಮೇಲೆ ದವಾಖಾನೆಗೆ ನಿಮ್ಮ ಜೋಡಿ ಬರುವವಳು ನಾನೇ. ಆ ದಿನವೂ ನಾನೇ ಬಂದಿದ್ದೆ.

ಹೊಸ ಡಾಕ್ಟರು, ಮೈಸೂರು ಕಡೆಯ ಹುಡುಗ. ನಿಮ್ಮ ಹೊಟ್ಟೆ ಒತ್ತಿ ನೋಡಿ, ನನ್ನನ್ನು ಬಾಗಿಲ ಹತ್ತಿರ ಕರೆದ. “ಹೊಟ್ಟೆಯ ಎಡಗಡೆಯ ಗುಲ್ಮ ತುಂಬಾ ದೊಡ್ಡದಾಗಿದೆ. ಇವರ ಮನೆ ಹತ್ತಿರ ಯಾವುದಾದರೂ ನಾಯಿ ಸೊರಗಿ, ಕೂದಲು ಉದುರಿ ಸತ್ತಿತ್ತಾ?”

ಮಾತು ನಾಲಿಗೆ ತುದಿಗೆ ಬಂದಿತ್ತು ಆಪಾ. ಹೊರಗಿನ ಬೆಂಚಿನ ಮೇಲೆ ನಮ್ಮ ಓಣಿಯ ಹೆಂಗಸರು ಕೂತಿದ್ದರು, ಎಲ್ಲರ ಕಿವಿಯೂ ಈ ಕಡೆಗೇ. ಲಾರಿ ಹಾಯ್ದ ಕಥೆ ಅವರಿಗೆ ಹೇಳಿದವಳು ನಾನು. ಈಗ ಬೇರೆ ಹೇಳಿದರೆ —

“ಇಲ್ರಿ.”

ಆ ಹುಡುಗ ತಲೆಯಾಡಿಸಿ ಬೇರೆ ಏನೋ ಬರೆದುಕೊಟ್ಟ. ಹಾಸಿಗೆಯಿಂದ ನೀವು ಕೇಳಿದಿರಿ, “ಏನ್ ಕೇಳಿದ್ರು ಸರೂ?”

“ಊಟ ಹ್ಯಾಂಗ ಮಾಡ್ತಾರ ಅಂತ ಕೇಳಿದ್ರು.”

“ಛಲೋ ಹುಡುಗ ಅದಾನ,” ಅಂದಿರಿ ನೀವು.

ಟೈಫಾಯಿಡ್ ಅಂದರು, ಆಮೇಲೆ ಟೀಬಿ ಇರಬಹುದು ಅಂದರು. ತಿಂಗಳುಗಟ್ಟಲೆ ನೀವು ಕರಗುವುದನ್ನು ನಾನು ಗಂಜಿ ಕುಡಿಸುತ್ತಾ ನೋಡಿದೆ. ದಿನಾ ಹೇಳಬೇಕು ಅನ್ನುತ್ತಿದ್ದೆ, ದಿನಾ ನಿಮ್ಮ ತಲೆ ಬಾಚಿ ಎದ್ದು ಬರುತ್ತಿದ್ದೆ. ಕಡೆಗೆ ನಿಮ್ಮ ತಮ್ಮ ಬಂದು ಹೈದರಾಬಾದಿಗೆ ಒಯ್ದ. ಅಲ್ಲಿ ಎಲುಬಿನೊಳಗಿನ ಮಜ್ಜೆ ತೆಗೆದು ನೋಡಿ ಅದೇ ಹೆಸರು ಹೇಳಿದರು, ಕಾಲಾ ಆಜಾರ್. ಅಷ್ಟರಲ್ಲಿ ನಿಮಗೆ ಎದ್ದು ಕೂಡುವ ಶಕ್ತಿಯೂ ಉಳಿದಿರಲಿಲ್ಲ. ಅಳಿಯನಿಗೆ ದುಬೈಯಿಂದ ಸಿಕ್ಕಿದ್ದು ಸಣ್ಣ ರಜೆ, ದಿನ ಮುಂದೆ ಹಾಕಬೇಡಿರಿ ಅಂತ ನೀವೇ ಹಟ ಹಿಡಿದಿರಿ.

ನಿಕಾಹ್ ದಿನ ನೀವು ಅಲ್ಲಿ ಸಲೈನ್ ಹಚ್ಚಿಕೊಂಡು ಮಲಗಿದ್ದಿರಿ. ಇಲ್ಲಿ ನೀವು ಅರ್ಧಕ್ಕೆ ಬಿಟ್ಟ ಜರಿ ಅಂಚನ್ನು ನಾನು ಹೊಲಿದು ಮುಗಿಸಿದ್ದೆ, ದುಪಟ್ಟಾ ನಾನೇ ಹೊದಿಸಿದೆ. ಹೊರಡುವಾಗ ನಾಜಿಯಾ ನನ್ನ ಕೊರಳಿಗೆ ಬಿದ್ದು ‘ಅಮ್ಮೀ’ ಅಂತ ಅತ್ತಳು. ನಿಮ್ಮನ್ನು ಕರೆದಳು ಅವಳು, ಸಿಕ್ಕವಳು ನಾನು.

ನೀವು ಗುಣವಾಗಿ ಮನೆಗೆ ಬಂದ ಮೇಲೆ, ಈ ರೋಗ ಆ ನಾಯಿಯಿಂದಲೇ ಬಂತೇ ಅಂತ ಡಾಕ್ಟರನ್ನು ಕೇಳಿದ್ದೇನೆ. ಇದ್ದರೂ ಇರಬಹುದು, ಗಟ್ಟಿಯಾಗಿ ಹೇಳಲು ಬರುವುದಿಲ್ಲ ಅಂದರು. ಅದನ್ನು ಹಿಡಿದುಕೊಂಡು ಕೆಲವು ದಿನ ಸಮಾಧಾನದಿಂದ ಇದ್ದೆ, ಸುಳ್ಳೇಕೆ. ಆದರೆ ನೊಣ ಎಲ್ಲಿಂದಲಾದರೂ ಬಂದಿರಲಿ, ‘ಇಲ್ರಿ’ ಬಂದದ್ದು ನನ್ನ ಬಾಯಿಂದ. ಹೌದು ಅಂದಿದ್ದರೆ ಅವತ್ತೇ ಪರೀಕ್ಷೆ ಆಗುತ್ತಿತ್ತು. ಮದುವೆಗೆ ಇನ್ನೂ ಬೇಕಾದಷ್ಟು ದಿನ ಇದ್ದವು.

ಹೋದ ವಾರ ನಮ್ಮ ಓಣಿಯ ಗೋಡೆಗಳಿಗೆ ನೊಣದ ಔಷಧ ಹೊಡೆಯಲು ದವಾಖಾನೆಯವರು ಬಂದರಲ್ಲ, ಯಾಕ ಬಂದಾರ ಅಂತ ನೀವು ಕೇಳಿದಿರಿ. ನಾನು ದವಾಖಾನೆಗೆ ಹೋಗಿ ಸೇಬ್ಯಾನ ಸಂಗತಿ ಹೇಳಿದ್ದಕ್ಕೆ ಬಂದರು. ನಿಮಗಿಂತ ಮೊದಲು ಡಾಕ್ಟರಿಗೆ ಹೇಳಿದೆ, ಅದು ಸುಲಭವಿತ್ತು.

ಈಗ ನಾಜಿಯಾ ಹೆರಿಗೆಗೆ ತವರಿಗೆ ಬಂದಿದ್ದಾಳೆ. “ನನ್ನ ಜಾಗಾದಾಗ ನಿಂತು ಮಗಳನ್ನ ಕಳಸ್ಯಾಳ, ಹುಟ್ಟೋ ಕೂಸು ಮೊದಲ ಸರೂ ಕೈಯಾಗ ಕೊಡ್ತೀನಿ” ಅಂತ ಬಂದವರಿಗೆಲ್ಲ ಹೇಳುತ್ತಿದ್ದೀರಿ. ಕಿಂಡಿಯ ಈ ಕಡೆ ಕೂತು ಅದನ್ನು ಕೇಳುತ್ತೇನೆ. ಇವತ್ತು ಸಂಜೆ ನಮಾಜು ಮುಗಿಸಿರಿ, ನಿಮ್ಮ ಮನೆಗೆ ಬರುತ್ತೇನೆ. ನಾಜಿಯಾಳೂ ಕೂತಿರಲಿ. ಈಗ ಮನಸ್ಸಿನಲ್ಲೇ ಹೇಳಿಕೊಂಡ ಇಷ್ಟನ್ನೂ ನಿಮ್ಮೆದುರು ಹೀಗೇ ಹೇಳುತ್ತೇನೆ. ಆಮೇಲೆ ಕೂಸನ್ನು ಯಾರ ಕೈಗೆ ಕೊಡಬೇಕೋ, ನೋಡಿ ಕೊಡಿರಿ.