ಆಯುಧಪೂಜೆಯ ಮಾರನೇ ದಿನದ ಬೋಣಿ

ರಾಮನಗರದ ಹೊರಗೆ ಒಂದು ಬಂಡೆಯ ಮೇಲೆ ನನಗೆ ಹಗ್ಗ ಕಟ್ಟುವ ಕೆಲಸ. ರಜೆಯ ದಿನ ಬೆಂಗಳೂರಿಂದ ಬರುವವರಿಗೆ ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ಟು ತೊಡಿಸಿ ಕೆಳಕ್ಕಿಳಿಸಬೇಕು. ಚರ್ಚಾಸ್ಪರ್ಧೆಯಲ್ಲಿ ಕಪ್ಪು ಗೆದ್ದವನಿಗೆ ಇದೆಂಥ ಕೆಲಸ ಎಂದು ಮನೆಯಲ್ಲಿ ಕೇಳುತ್ತಿದ್ದರು. ಬಂಡೆಯಾದರೂ ಎದುರು ಮಾತಾಡುವುದಿಲ್ಲ ಅನ್ನುತ್ತಿದ್ದೆ.

ಮಾಲೀಕರು ಮಾಗಡಿಯವರು. ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ಅಂಗಡಿ ನಡೆಸಿದ ಮನೆತನವಾದ್ದರಿಂದ ದಿನದ ಮೊದಲ ಇಳಿತವನ್ನು ಅವರು ಬೋಣಿ ಅಂತಲೇ ಕರೆಯುತ್ತಿದ್ದರು. ಗಿರಾಕಿಗಿಂತ ಮೊದಲು ನಮ್ಮಲ್ಲೊಬ್ಬರು ಇಳಿದು ತೋರಿಸಬೇಕು. ಅದೂ ಕೆಲಸಕ್ಕೆ ತೀರಾ ಹೊಸಬರು. ಇದು ಪರೀಕ್ಷೆಯಲ್ಲ, ಬಲಿ ಎಂದು ನಾನೊಮ್ಮೆ ವಾದ ಹೂಡಿದ್ದೆ. ಅಣ್ಣ ನಕ್ಕು ಟೀ ತರಿಸಿದ್ದರು. ಆ ದಸರೆಯಲ್ಲಿ ಹೊಸಬಳೆಂದರೆ ಅಕ್ಕೂರಿನ ಹುಡುಗಿ, ರೇಷ್ಮೆಹುಳು ಸಾಕುವವರ ಮಗಳು, ಪಿಯುಸಿ ಮುಗಿಸಿ ಬಂದವಳು.

ಆಯುಧಪೂಜೆಯ ದಿನ ಲಾರಿಗೆ, ರೇಷ್ಮೆ ಮಗ್ಗಕ್ಕೆ ಪೂಜೆ ಮಾಡುವ ಹಾಗೆ ನಾವು ಹಗ್ಗಕ್ಕೆ ಮಾಡಿದೆವು. ಸುತ್ತಿಟ್ಟ ಹಗ್ಗಕ್ಕೆ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಅಣ್ಣ ಮಂಗಳಾರತಿ ಎತ್ತುವಾಗ ತಟ್ಟೆ ವಾಲಿ ಉರಿಯುವ ಕರ್ಪೂರದ ಚೂರೊಂದು ಹಗ್ಗದ ಮೇಲೆ ಬಿತ್ತು. ಅಂಗೈಯಿಂದ ತಟ್ಟಿ ಆರಿಸಿ, ಮತ್ತೊಂದಿಷ್ಟು ವಿಭೂತಿ ಬಳಿದರು. ಪ್ರಸಾದ ಹಂಚುವ ಗಡಿಬಿಡಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಮಾರನೇ ಬೆಳಗ್ಗೆ ಹಗ್ಗವನ್ನು ಬರಿಗೈಯಲ್ಲಿ ಸವರುತ್ತಾ ಬಂದೆ. ವಿಭೂತಿ ಮೆತ್ತಿದ ಕಡೆ ಬೆರಳು ನಿಂತಿತು. ನೈಲಾನು ಕರಗಿ ಮತ್ತೆ ಗಟ್ಟಿಯಾಗಿ, ಹುಣಸೆಬೀಜದ ಹಾಗೆ ನುಣುಪಾಗಿತ್ತು. ಇನ್ನೊಂದು ಹಗ್ಗ ಕನಕಪುರದ ಕಡೆ ಕ್ಯಾಂಪಿಗೆ ಹೋಗಿತ್ತು. ಬಂದ ಗಿರಾಕಿಗಳು ಆಗಲೇ ಹೆಲ್ಮೆಟ್ಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹುಡುಗಿ ಬೆಲ್ಟು ಬಿಗಿದುಕೊಂಡು ಅಂಚಿನ ಹತ್ತಿರ ನಿಂತಿದ್ದಳು.

ಈ ಹಗ್ಗ ಬೇಡ ಅಂದೆ. ಅಣ್ಣ ಮುಟ್ಟಿ ನೋಡಿ, ಒಸಿ ತಾಗೈತೆ ಅಷ್ಟೆ ಅಂದರು.

"ದೇವರ ಮುಂದೆ ಇಟ್ಟ ಹಗ್ಗ ಕಣ್ಲಾ. ಪೂಜೆಯಾದ ಮಾರನೇ ದಿನವೇ ಕೈ ಕೊಟ್ಟದಾ? ಇಲ್ಲೂ ನಿನ್ ಡಿಬೇಟು ಶುರು ಮಾಡ್ಬುಟ್ಯಲ್ಲ."

ನಾನು ಹೇಳುತ್ತಿರುವುದು ದೇವರ ವಿಷಯವಲ್ಲ, ಕರ್ಪೂರದ ವಿಷಯ ಅಂದೆ. ಬೆಂಕಿಗೆ ಭಕ್ತಿ ಗೊತ್ತಾಗುವುದಿಲ್ಲ ಅಂದೆ. ಗಿರಾಕಿಗಳು ಫೋಟೋ ಬಿಟ್ಟು ನಮ್ಮತ್ತ ತಿರುಗಿದರು. ಅಣ್ಣನ ಮುಖ ಬಿಗಿಯಿತು. ಹುಡುಗಿಯ ಕಡೆ ನೋಡಿ, ಇಳಿಯವ್ವ ಅಂದರು. ಅವಳು ಹಗ್ಗ ನೋಡಿದಳು, ಆಮೇಲೆ ನನ್ನನ್ನು. ಬೆಲ್ಟನ್ನು ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆಯ ಮೇಲಿದ್ದ ಅವಳ ಕೈ ಅಲ್ಲೇ ಇತ್ತು.

ನನ್ನ ಕೈಯಲ್ಲಿ ಒಂದು ಪಟ್ಟು ಉಳಿದಿತ್ತು. ಎದುರಾಳಿಯನ್ನು ಅವನ ಮಾತಿನಲ್ಲೇ ಸಿಕ್ಕಿಸುವುದು.

"ಹಂಗಾದ್ರೆ ಇವತ್ತಿನ ಬೋಣಿ ನೀವೇ ಮಾಡಿ ಅಣ್ಣ."

ಹಿಂದೆ ಸರಿಯುತ್ತಾರೆ ಅಂದುಕೊಂಡಿದ್ದೆ. ಚರ್ಚೆಯ ವೇದಿಕೆಯ ಮೇಲೆ ಎಲ್ಲರೂ ಸರಿದಿದ್ದರು. ಅಣ್ಣ ಚಪ್ಪಲಿ ಬಿಟ್ಟು, ಗೂಟಕ್ಕೆ ನೇತುಹಾಕಿದ್ದ ಬೆಲ್ಟು ತೆಗೆದು ಕಟ್ಟಿಕೊಂಡರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವರು ನಟಿಸುತ್ತಿರಲಿಲ್ಲ. ನಿಜವಾಗಿಯೂ ನಂಬಿದ್ದರು. ನಂಬಿದವನೊಬ್ಬ ಕೊಕ್ಕೆ ಸಿಕ್ಕಿಸಿಕೊಂಡು ಅಂಚಿಗೆ ಬೆನ್ನು ಮಾಡಿ ನಿಂತರೆ ಏನು ಹೇಳಬೇಕೆಂದು ಯಾವ ಸ್ಪರ್ಧೆಯೂ ಕಲಿಸಿರಲಿಲ್ಲ. ಅವರ ಹಿಮ್ಮಡಿಯ ಕೆಳಗಿಂದ ಸಣ್ಣ ಕಲ್ಲೊಂದು ಜಾರಿತು. ಅದು ಬಿದ್ದ ಸದ್ದು ಮೇಲೆ ಬರಲು ಬಹಳ ಹೊತ್ತು ಹಿಡಿಯಿತು.

ಹುಡುಗಿ ಬಂದು ಅವರ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಳೀಬ್ಯಾಡಿ ಅಣ್ಣ. ನಾನೂ ಇಳಿಯಕ್ಕಿಲ್ಲ. ಒಂದ್ಸಲ ಅದ್ನ ಮಡಚಿ ನೋಡಿ, ಆಮೇಲೆ ಬೇಕಾದ್ರೆ ಕೆಲ್ಸದಿಂದ ತಗೀರಿ."

ಅಣ್ಣ ಅಂಚಿನಿಂದ ಈಚೆಗೆ ಬಂದು ಹಗ್ಗ ಮಡಚಿದರು. ಗಟ್ಟಿಯಾದ ಜಾಗ ಹಪ್ಪಳದಂತೆ ಬಿರಿಯಿತು. ಒಳಗಿನ ಬಿಳಿ ಎಳೆಗಳೂ ಅಂಟಿಕೊಂಡು, ಎಳೆದರೆ ಪುಡಿಯಾಗುತ್ತಿದ್ದವು. ಅವರು ಬೆಲ್ಟು ಬಿಚ್ಚಲಿಲ್ಲ, ಹಾಗೇ ಬಂಡೆಯ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಎದ್ದು ಗಿರಾಕಿಗಳಿಗೆ ಇವತ್ತು ಇಳಿಯುವುದಿಲ್ಲ ಅಂದರು. ವಿಭೂತಿಯನ್ನು ಒರೆಸಿ, ಪೂಜೆಯಾದ ಹಗ್ಗವೆಂದು ಅದನ್ನು ಕಣ್ಣಿಗೊತ್ತಿಕೊಂಡರು. ಹಿಂದಿನ ದಿನ ನಿಂಬೆಹಣ್ಣು ಕೊಯ್ದ ಚಾಕು ತರಿಸಿ, ಹಗ್ಗವನ್ನು ತಾವೇ ಕತ್ತರಿಸಿದರು.

ಕನಕಪುರದ ಹಗ್ಗ ವಾಪಸು ಬಂದ ದಿನ ಬೋಣಿಗೆ ಮತ್ತೆ ಅವಳೇ ನಿಂತಳು. ನಾನು ಆಗಲೇ ನೋಡಿಟ್ಟಿದ್ದ ಹಗ್ಗವನ್ನು ತುದಿಯಿಂದ ತುದಿಗೆ ಮತ್ತೆ ತಾನೇ ಸವರತೊಡಗಿದಳು. ಗಿರಾಕಿಯೊಬ್ಬ ಲೇಟಾಯ್ತು ಎಂದು ಗೊಣಗಿದ.

"ಒಸಿ ತಡೀರಿ ಸಾರ್," ಅಂದರು ಅಣ್ಣ. "ಇಳಿಯೋಳು ಅವಳು."