ಬಾವಿಗಿಳಿದ ಹೊಲದಾಮೆ

ಆಮೆಯನ್ನು ಬಿಟ್ಟು ಬರುವುದಿಲ್ಲ ಎಂದು ಸರೋಜಿನಿಯಕ್ಕ ಹಟ ಹಿಡಿದು ಆಗಲೇ ಮೂರು ದಿನವಾಗಿತ್ತು.

ಅವಳ ಗಂಡ ಸದಾನಂದ ಶ್ರಾವಣದಲ್ಲಿ, ದೋಸೆ ಕಾವಲಿಯ ಎದುರು ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ದೀಪಾವಳಿ ಕಳೆಯುವಷ್ಟರಲ್ಲಿ ಔರಂಗಾಬಾದಿನ ಆ ಪುಟ್ಟ ಹೋಟೆಲು ಬೇರೆಯವರ ಪಾಲಾಯಿತು. ಅದರ ಹಿಂದಿನ ಕೋಣೆಯನ್ನೂ ಆದಿತ್ಯವಾರದೊಳಗೆ ಬಿಡಬೇಕಿತ್ತು. ಸದಾನಂದನ ತಮ್ಮ ಉಮಾನಾಥ ಮಿಲಿಟರಿಯವರ ಊರಾದ ದೇವಳಾಲಿ ಕ್ಯಾಂಪಿನಲ್ಲಿ ಹೋಟೆಲು ಇಟ್ಟವನು. ಅವನು ಹೆಂಡತಿ ರಾಜೀವಿಯನ್ನೂ ಒಂದೂವರೆ ವರ್ಷದ ಮಗಳು ಜಲಜೆಯನ್ನೂ ಕಟ್ಟಿಕೊಂಡು ಅತ್ತಿಗೆಯನ್ನು ಕರೆದೊಯ್ಯಲು ಬಂದಿದ್ದ. ಪಾತ್ರೆಗಳನ್ನು ಗೋಣಿಗೆ ತುಂಬಿದ್ದಾಯಿತು, ಹಾಸಿಗೆ ಸುತ್ತಿದ್ದಾಯಿತು. ಉಳಿದದ್ದು ಆಮೆ.

ರಾಜೀವಿ ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಒಲೆಯ ಮುಂದೆ ಮಂಡಿಯೂರಿ ಕೂತಿರುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಆಮೆಯ ಕಣ್ಣಿನ ಪಿಸುರನ್ನು ನೆನೆಸಿ ನೆನೆಸಿ ಬಿಡಿಸುತ್ತಿದ್ದಳು. ಅದು ಉಸಿರೆಳೆದರೆ ದೂರದಲ್ಲಿ ಯಾರೋ ಸೀಟಿ ಊದಿದ ಹಾಗೆ ಕೇಳುತ್ತಿತ್ತು. ಬೆನ್ನಿನ ಚಿಪ್ಪು ಅಂಚಿನಲ್ಲಿ ಮೆತ್ತಗಾಗಿ, ಬೆರಳೊತ್ತಿದರೆ ತಗ್ಗುತ್ತಿತ್ತು.

"ಇವತ್ತು ಎಡಗಣ್ಣು ಸ್ವಲ್ಪ ಬಿಟ್ಟಿತು ಮಾರಾಯ್ತಿ," ಎಂದಳು ಅಕ್ಕ.

ರಾಜೀವಿ ಬಗ್ಗಿ ನೋಡಿದಳು. ಬಿಟ್ಟಿರಲಿಲ್ಲ.

ಸರೋಜಿನಿ ಕುಂದಾಪುರದ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ಹದಿನೇಳು ವರ್ಷದವಳು. ಬಂದ ಮರುದಿನವೇ ರುಬ್ಬುವ ಕಲ್ಲಿನ ಮುಂದೆ ಕೂತಳು. ಇಪ್ಪತ್ತೆರಡು ವರ್ಷ ಎದ್ದಿರಲಿಲ್ಲ ಎಂದು ಅವಳೇ ನಗುತ್ತಿದ್ದಳು. ಇಡ್ಲಿಯ ಹಿಟ್ಟು, ದೋಸೆಯ ಹಿಟ್ಟು, ಚಟ್ನಿ, ಎಲ್ಲ ಅವಳ ಕೈಯಲ್ಲೇ. ತಿನ್ನುವವರ ಮುಖ ಕಂಡವಳಲ್ಲ, ಒಳಗೆ ಬರುವ ಎಂಜಲು ತಟ್ಟೆ ನೋಡಿ ಇವತ್ತು ಉಪ್ಪು ಹೆಚ್ಚಾಯಿತು ಎಂದು ತಿಳಿಯುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತಲಿಲ್ಲ.

ಆರು ವರ್ಷದ ಹಿಂದೆ ವೈಜಾಪುರದ ಕಡೆಯ ರೈತನೊಬ್ಬ ಸಂತೆಗೆ ಬಂದವನು, ಹೊಲದ ಬೇಲಿಯಲ್ಲಿ ಸಿಕ್ಕಿತು ಎಂದು ಈ ಆಮೆಯನ್ನು ಹೋಟೆಲಿನ ಮೆಟ್ಟಿಲ ಮೇಲಿಟ್ಟು ಹೋದ. ಸರೋಜಿನಿಗೆ ಹಿಡಿಸಲಾರದಷ್ಟು ಸಂತೋಷ. ಅವಳ ತವರಿನಲ್ಲಿ ಬಾವಿ ತೋಡಿದರೆ ಅದರಲ್ಲೊಂದು ಆಮೆ ಬಿಡುವುದು ವಾಡಿಕೆ. ನೀರು ಚೊಕ್ಕವಾಗಿರುತ್ತದೆ ಎಂಬ ನಂಬಿಕೆ. ಹಿತ್ತಿಲಿನ ಬಾವಿಗೆ ಇಷ್ಟು ವರ್ಷ ಆಮೆ ಇರಲಿಲ್ಲ ಎಂಬುದೇ ಅವಳಿಗೊಂದು ಕೊರತೆಯಾಗಿತ್ತು. ಅರಿಶಿನ ಕುಂಕುಮ ಹಚ್ಚಿ, ಕೊಡಪಾನದಲ್ಲಿ ಕೂರಿಸಿ, ಹಗ್ಗ ಬಿಟ್ಟು, ತಾನೇ ಇಳಿಸಿದಳು.

ಮರುದಿನ ನೀರು ಸೇದಲು ಹೋದವಳಿಗೆ ಅದು ಬಾವಿಯ ಗೋಡೆಯ ಕಲ್ಲಿಗೆ ಉಗುರು ಸಿಕ್ಕಿಸಿಕೊಂಡು ತೇಲುತ್ತಿರುವುದು ಕಂಡಿತು. ಹೇಗೋ ಮೇಲಕ್ಕೆತ್ತಿ ನೋಡಿದರೆ ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು. ಮುಂದಿನ ವಾರ ಬಂದ ರೈತ ತಲೆ ಚಚ್ಚಿಕೊಂಡ. "ಅಹೋ ಬಾಯಿ, ಹೇ ರಾನಾತಲಂ ಕಾಸವ್! ಪಾಣ್ಯಾತ್ ಕಶಾಲಾ ಟಾಕಲಂ?" ಇದು ಹೊಲದಲ್ಲಿ ನಡೆದು ಹುಲ್ಲು ಮೇಯುವ ಆಮೆ, ಈಜು ಬಾರದು, ಇದನ್ನೇಕೆ ನೀರಿಗೆ ಹಾಕಿದೆ ಎಂದ.

ಅಂದಿನಿಂದ ಸೀಟಿ ನಿಲ್ಲಲಿಲ್ಲ. ಬದುಕಿಸಿಕೊಳ್ಳಬೇಕೆಂಬ ಆತುರದಲ್ಲಿ ಸರೋಜಿನಿ ಹಾಲಿನಲ್ಲಿ ಕಿವುಚಿದ ಇಡ್ಲಿ ತಿನ್ನಿಸಿದಳು, ಮೊಸರನ್ನ ತಿನ್ನಿಸಿದಳು; ಚಳಿಯಾದೀತೆಂದು ಬಿಸಿಲಿಗೂ ಬಿಡದೆ ಮೂಲೆಯಲ್ಲಿ ಗೋಣಿ ಹೊದಿಸಿ ಇಟ್ಟಳು. ಚಿಪ್ಪು ಮೆತ್ತಗಾಯಿತು.

"ಹಾಳು ಮಾಡಿದ್ದು ನಾನೇ," ಎನ್ನುತ್ತಿದ್ದಳು, ಯಾವ ನಾಟಕವೂ ಇಲ್ಲದೆ, ಉಪ್ಪು ಹೆಚ್ಚಾಯಿತು ಎಂದಷ್ಟೇ ಸಲೀಸಾಗಿ.

ಪಕ್ಕದ ಮನೆಯ ರುಕ್ಮಿಣಿಬಾಯಿ ಬೀದರ್ ಕಡೆಯವಳು, ಮಾತಿನಲ್ಲಿ ಜೋರು. ಅವಳಾದರೂ ಇಟ್ಟುಕೊಂಡಾಳೇ ಎಂದು ರಾಜೀವಿ ಕೇಳಿ ನೋಡಿದಳು.

"ಅಯ್ಯ ಬ್ಯಾಡ್ರೀ ತಂಗಿ! ಆಮಿ ಮನಿಯೊಳಗ ಇಟ್ಕೊಂಡ್ರ ಮನಿಗೆ ಒಳ್ಳೇದಾಗಂಗಿಲ್ರಿ. ಸದಾನಂದರಾಯರು ಹ್ಯಾಂಗ ಹೋದ್ರು ನೋಡಿದ್ರಲ್ಲ? ನಿಮ್ದು ಸಣ್ಣ ಕೂಸೈತಿ, ನೀವೂ ವಿಚಾರ ಮಾಡ್ರಿ."

ಒಳಗಿನಿಂದ ಸರೋಜಿನಿಯ ದನಿ ಬಂತು. "ರುಕ್ಮಿಣಿಬಾಯಿ, ಗುಡಿಗೆ ಹೋದರೆ ಕಲ್ಲಿನ ಆಮೆಯ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ತೀರಲ್ಲ. ಉಸಿರಾಡುವ ಆಮೆ ಮಾತ್ರ ಆಗುದಿಲ್ಲವಾ ನಿಮಗೆ?"

"ಅದು ಉಸುರ ಬಿಡಂಗಿಲ್ಲ, ಸೀಟಿ ಹೊಡೀತೈತ್ರಿ ವೈನಿ," ಎಂದು ರುಕ್ಮಿಣಿಬಾಯಿ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಪ್ಪತ್ತು ವರ್ಷದ ನೆರೆ.

ಶುಕ್ರವಾರ ರಾಜೀವಿ ಆಮೆಯನ್ನು ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ ಬಳಿಗೆ ಒಯ್ದಳು. ಎತ್ತಿನ ಗೊರಸು ನೋಡುತ್ತಿದ್ದ ಅವರು ಬುಟ್ಟಿಯೊಳಗೆ ಇಣುಕಿ ಮೊದಲು ನಕ್ಕರು; ಆಮೇಲೆ ಚಿಪ್ಪಿಗೆ ಕಿವಿಯಿಟ್ಟು ಕೇಳಿ ನಗು ನಿಲ್ಲಿಸಿದರು. ಶ್ವಾಸಕೋಶ ಕೆಟ್ಟಿದೆ, ಇದಕ್ಕೆ ತನ್ನಲ್ಲಿ ಮದ್ದಿಲ್ಲ ಎಂದರು. ದೇವಳಾಲಿಗೆ ಒಯ್ಯುವ ಮಾತು ಕೇಳಿ ಬೇಡವೆಂದು ತಲೆಯಾಡಿಸಿದರು. ಅಲ್ಲಿಯ ಚಳಿಯಲ್ಲಿ ಒಂದು ತಿಂಗಳು ಉಳಿದರೆ ಹೆಚ್ಚು. ಇಲ್ಲಿ ಬಿಟ್ಟರೆ? ಕಣ್ಣು ತೆರೆಸುವವರಿಲ್ಲದೆ ಅದು ಮೇವು ಕಾಣಲಾರದು, ಒಂದು ವಾರ.

ಆ ಸಂಜೆ ಉಮಾನಾಥ ಹಿತ್ತಿಲಲ್ಲಿ ಹೆಂಡತಿಯನ್ನು ಒಂದು ಪಕ್ಕಕ್ಕೆ ಕರೆದ.

"ದಾರಿಯಲ್ಲಿ ವೈಜಾಪುರದ ಸ್ಟೇಷನ್ ಸಿಗ್ತದೆ. ಅಲ್ಲಿ ಇಳಿದು ಹೊಲಕ್ಕೆ ಬಿಟ್ಟುಬಿಡುವ. ಬಂದ ಜಾಗಕ್ಕೆ ಹೋಯಿತು ಅಂತ ಅತ್ತಿಗೆಗೂ ಸಮಾಧಾನ."

"ಕಣ್ಣು ಕಾಣದ್ದನ್ನು ಹೊಲಕ್ಕೆ ಬಿಡುದು ಅಂದರೆ ಎಂತ? ನಾಯಿಗೆ ಹಾಕಿದ ಹಾಗೆ."

"ಹಾಗಾದರೆ ನೀನೇ ಹೇಳು. ಮನೆ ನೋಡುವವಳು ನೀನು, ಮಗು ನಿನ್ನದು. ನಾಳೆ ರುಕ್ಮಿಣಿಬಾಯಿ ಹೇಳಿದ ಹಾಗೆ ಏನಾದರೂ ಆದರೆ ನನ್ನ ಮೇಲೆ ಹಾರಬೇಡ."

ರಾಜೀವಿ ಬಾವಿಕಟ್ಟೆಗೆ ಒರಗಿ ನಿಂತಳು. ಅಪಶಕುನದ ಮಾತು ಅವಳಿಗೆ ಅಷ್ಟಾಗಿ ತಾಗಿರಲಿಲ್ಲ. ತಾಗಿದ್ದು ಬೇರೆ. ದೇವಳಾಲಿಯ ಹೋಟೆಲಿಗೆ ಈಗ ಮೋಟಾರಿನ ರುಬ್ಬುಯಂತ್ರ ಬಂದಿತ್ತು. ಅಡುಗೆಗೆ ಜಯರಾಮ ಎಂಬ ಭಟ್ಟನಿದ್ದ. ತಮ್ಮ ಎರಡೇ ಕೋಣೆಗಳ ಮನೆಯಲ್ಲಿ ಅಕ್ಕನ ಕೈಗೆ ಕೆಲಸ ಎಲ್ಲಿಂದ ತರುವುದು? ಆಮೆ ಇದ್ದಷ್ಟು ದಿನ ಬೆಳಿಗ್ಗೆ ಏಳಲು ಅವಳಿಗೊಂದು ಕಾರಣವಿರುತ್ತದೆ. ಅಷ್ಟರಲ್ಲಿ ಜಲಜೆ ಅವಳ ಮಡಿಲು ಹತ್ತಿದರೆ ಆಮೇಲಿನದು ಹೇಗೋ ನಡೆದೀತು. ಇದನ್ನು ಬಿಟ್ಟು ಬೇರೆ ದಾರಿ ಅವಳಿಗೆ ಹೊಳೆಯಲಿಲ್ಲ.

"ತಕೊಂಡು ಹೋಗುವ," ಎಂದಳು.

"ಸಾಯುವುದಕ್ಕಾ?"

"ಹೂಂ. ಸಾಯುವುದಕ್ಕೇ. ನಮ್ಮ ಮನೆಯಲ್ಲಿ ಸಾಯಲಿ."

ಒಳಗೆ ಹೋಗಿ ಅಕ್ಕನಿಗೂ ಮುಚ್ಚಿಡದೆ ಹೇಳಿದಳು: ಆಮೆ ನಮ್ಮೊಟ್ಟಿಗೆ ಬರುತ್ತದೆ, ಆದರೆ ಸಂಕ್ರಾಂತಿ ಕಾಣಲಿಕ್ಕಿಲ್ಲ, ಡಾಕ್ಟರು ಹಾಗೆಂದಿದ್ದಾರೆ. ಸರೋಜಿನಿ ಆಮೆಯ ಮೇಲೆ ಹೊದಿಸಿದ್ದ ಗೋಣಿಯನ್ನು ಸರಿಪಡಿಸಿದಳು.

"ನನಗೆ ಗೊತ್ತುಂಟು. ನಿನಗೆ ತೊಂದರೆ ಅಲ್ಲವಾ?"

"ತೊಂದರೆ ಎಂತದು ಅಕ್ಕ? ಮೂಲೆಯಲ್ಲಿ ಬಿದ್ದಿರ್ತದೆ."

ಮನಮಾಡಿನಲ್ಲಿ ರೈಲು ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಕೊರೆಯುತ್ತಿತ್ತು. ಸರೋಜಿನಿ ಆಮೆಯನ್ನು ಸೆರಗಿನೊಳಗೆ ಹೊಟ್ಟೆಗವಚಿಕೊಂಡು ಕೂತಿದ್ದಳು. ಎದುರಿನ ಬೆಂಚಿನ ಮುದುಕಿಯೊಬ್ಬಳು ಮರಾಠಿಯಲ್ಲಿ ಮಗುವಿಗೆಷ್ಟು ತಿಂಗಳು ಎಂದು ಕೇಳಿದಳು. ಸರೋಜಿನಿ ಸೆರಗು ಸರಿಸಿ ತೋರಿಸಿದಳು. ಮುದುಕಿ ಥೂ ಎಂದು ಎದ್ದು ಹೋದಳು. ಉಮಾನಾಥನಿಗೆ ನಗು ತಡೆಯಲಾಗಲಿಲ್ಲ, ಸರೋಜಿನಿಯೂ ಸ್ವಲ್ಪ ನಕ್ಕಳು. ಗಂಡ ಸತ್ತ ಮೇಲೆ ಅವಳು ಹಲ್ಲು ಬಿಟ್ಟದ್ದನ್ನು ರಾಜೀವಿ ಕಂಡದ್ದು ಅದೊಂದೇ ಸಲ.

ದೇವಳಾಲಿಯಲ್ಲಿ ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಜಾಗವನ್ನು ರಾಜೀವಿ ಆಮೆಗೆ ಬಿಟ್ಟುಕೊಟ್ಟಳು. ಮಗುವಿನ ಬಟ್ಟೆ ಒಣಗುತ್ತಿದ್ದ ಜಾಗ ಅದು. ಬಟ್ಟೆಗಳನ್ನು ಹೊರಗೆ ಹಾಕಿದಳು, ಅವು ಒಣಗದೆ ವಾಸನೆ ಹಿಡಿದವು. ಜಲಜೆ ತಪ್ಪುಹೆಜ್ಜೆ ಇಡುತ್ತ ಬಂದು ಚಿಪ್ಪನ್ನು ತಟ್ಟುತ್ತಿದ್ದಳು. "ಮೆಲ್ಲ, ಮೆಲ್ಲ," ಎಂದು ಸರೋಜಿನಿ ಆ ಪುಟ್ಟ ಕೈಹಿಡಿದು ಸವರಲು ಕಲಿಸಿದಳು. ನೋಡುತ್ತಿದ್ದ ರಾಜೀವಿಗೆ, ತಾನು ಎಣಿಸಿದಂತೆಯೇ ಆಗುತ್ತಿದೆಯೇನೋ ಅನ್ನಿಸಿತು.

ಆಮೆ ಇಪ್ಪತ್ತಮೂರು ದಿನ ಇತ್ತು. ಕ್ಯಾಂಪಿನ ಫಿರಂಗಿ ತರಬೇತಿಯ ಸದ್ದಿಗೆ ಕಿಟಕಿ ಅದುರುತ್ತಿದ್ದ ಒಂದು ಬೆಳಿಗ್ಗೆ ಸೀಟಿ ಕೇಳಲಿಲ್ಲ. ಸರೋಜಿನಿ ಅಳಲಿಲ್ಲ. ಉಮಾನಾಥ ಹಿತ್ತಿಲಲ್ಲಿ ಗುಂಡಿ ತೋಡಿದ. ಅವಳು ಕೈತೊಳೆದುಕೊಂಡು ಒಳಗೆ ಬಂದಳು.

ಅದಾದ ಮೇಲೆ ಅವಳು ಆ ಮನೆಯಲ್ಲಿ ಇದ್ದಳು, ಅಷ್ಟೇ. ಹೇಳಿದರೆ ಉಣ್ಣುತ್ತಿದ್ದಳು, ಕರೆದರೆ ಬರುತ್ತಿದ್ದಳು. ಬೇಸಗೆಯಲ್ಲಿ ರಾಜೀವಿ, "ಅಕ್ಕ, ವೈಜಾಪುರದ ಕಡೆ ಹೇಳಿ ಕಳಿಸಿದರೆ ಇನ್ನೊಂದು ಆಮೆ ಸಿಕ್ಕೀತು. ಗಟ್ಟಿ ಇರುವುದು. ತರಿಸುವಾ?" ಎಂದು ಕೇಳಿದಳು.

"ಬೇಡ ಮಾರಾಯ್ತಿ. ನನ್ನ ಕೈಗೆ ಇನ್ನೊಂದು ಜೀವ ಕೊಡಬೇಡ."

ಆ ಮಾತಿನ ಅರ್ಥ ರಾಜೀವಿಗೆ ಪೂರ್ತಿ ತಿಳಿದದ್ದು ಸ್ವಲ್ಪ ದಿನ ಕಳೆದು. ಜಲಜೆ ಆಗ ಅಂಗಳದ ತುಂಬ ಓಡಾಡುತ್ತಿದ್ದಳು. ನೆರೆಯ ಸಿಪಾಯಿಗಳ ಮಕ್ಕಳಿಂದ ಕಲಿತ ಹಿಂದಿಯಲ್ಲಿ, "ಗೋದಿ ಲೋ, ದೊಡ್ಡಮ್ಮ, ಗೋದಿ," ಎಂದು ಎತ್ತಿಕೊಳ್ಳಲು ಎರಡೂ ಕೈ ಚಾಚಿ ನಿಂತಳು. ಜಗಲಿಯ ಮೇಲೆ ಕೂತಿದ್ದ ಸರೋಜಿನಿ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮಗು ಅವಳ ಮಂಡಿಗೆ ಮುಖವೊತ್ತಿ ಮತ್ತೆ ಕೇಳಿತು.

"ರಾಜೀವೀ," ಎಂದು ಅವಳು ಒಳಗೆ ಮುಖ ಮಾಡಿ ಕೂಗಿದಳು. "ಬಾ ಇಲ್ಲಿ. ಮಗುವನ್ನು ಕರೆದುಕೊಂಡು ಹೋಗು."