ಗುಡ್ಡದ ಬೆಂಕಿ ಆರಿಸಲು ಹೋದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಮುಡಬಿಯ ಹತ್ತಿರ, ಕರಿಗಲ್ಲಿನ ಗುಡ್ಡವೊಂದರ ಬುಡದಲ್ಲಿತ್ತು. ಒಂದು ಬೇಸಿಗೆಯ ಸಂಜೆ ಅಕ್ಕ ಶಾಲೆಯಿಂದ ಬಂದವಳೇ, "ನಮ್ಮ ಗುಡ್ಡ ಮೊದಲ ಬೆಂಕಿ ಇತ್ತಂತ! ನೆಲ ಸೀಳಿ, ಅಂಬಲಿ ಹರದಂಗ ಹರದು ಕಲ್ಲಾಗ್ಯದಂತ. ಮಾಸ್ತರ ಹೇಳ್ಯಾರ" ಅಂದಳು.

"ಈಗ ಆರ್ಯದೇನು?" ಎಂದು ಕೇಳಿದೆ. ನನ್ನನ್ನು ಹೆದರಿಸುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. "ಯಾರಿಗ್ಗೊತ್ತು? ಒಳಗ ಇನ್ನಾ ಇರಬಹುದು" ಅಂದುಬಿಟ್ಟಳು.

ಬೆಂಕಿ ಎದ್ದರೆ ಮೊದಲು ಸುಡುವುದು ನಮ್ಮ ಮನೆ, ನಮ್ಮ ಎಮ್ಮೆಕರು. ಮರುದಿನ ಅಕ್ಕ ದೂರದ ಬಾವಿಯಿಂದ ತಂದಿಟ್ಟಿದ್ದ ನೀರಿನ ಚಿಕ್ಕ ಕೊಡ ಎತ್ತಿಕೊಂಡು ಗುಡ್ಡ ಹತ್ತಿದೆ. ಒಣಹುಲ್ಲು ಮೊಣಕಾಲಿಗೆ ಚುಚ್ಚುತ್ತಿತ್ತು. ನೀರು ತುಳುಕಿ, ಒದ್ದೆ ಅಂಗಿ ತಣ್ಣಗೆ ಹೊಟ್ಟೆಗೆ ಅಂಟಿತ್ತು. ಮೇಲೆ ಹೋಗಿ ಬಂಡೆ ಮುಟ್ಟಿದರೆ ಬಿಸಿಲಿಗೆ ಹಂಚಿನಂತೆ ಕಾದಿತ್ತು. ಅಕ್ಕ ಹೇಳಿದ್ದು ಖರೆ! ಬಿರುಕಿನೊಳಗೆ ನೀರು ಸುರಿದೆ. ಒಳಗಿನಿಂದ 'ಬುಸ್' ಎಂದು ಸದ್ದಾಯಿತು. ಹಿಂದೆಯೇ ತೊಯ್ದ ಉಡವೊಂದು ನಾಲಿಗೆ ಚಾಚುತ್ತ ಹೊರಬಂತು. ಅರ್ಧ ನೀರಿದ್ದ ಕೊಡ ಅಲ್ಲೇ ಕೆಡವಿ ಓಡಿದೆ. ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಅಪ್ಪನಿಗೆ ಡಿಕ್ಕಿ ಹೊಡೆದೆ.

"ಏನ್ ಮಾಡಾಕತ್ತೀಯೋ ಇಲ್ಲಿ?"

"ಬೆಂಕಿ ಆರಸಾಕತ್ತೀನಪ್ಪಾ" ಎಂದು ಅಳತೊಡಗಿದೆ.

ಅಪ್ಪ ನಗಲಿಲ್ಲ. ಆ ಬೆಂಕಿ ಆರಿ ಲೆಕ್ಕವಿಲ್ಲದಷ್ಟು ಕಾಲವಾಗಿದೆ, ನಮ್ಮ ಜೋಳ ಬೆಳೆಯುವ ಕರಿಮಣ್ಣು ಕೂಡ ಆ ಕಲ್ಲಿನದೇ ಎಂದ. ಆಮೇಲೆ ಬಾಯಿಗೆ ಬೆರಳಿಟ್ಟು, ಪೊದೆಯ ಮರೆಯಿಂದ ಬಂಡೆಯತ್ತ ತೋರಿಸಿದ. ಉರುಳಿದ ಕೊಡದ ನೀರು ಕಲ್ಲಿನ ತಗ್ಗಿನಲ್ಲಿ ನಿಂತಿತ್ತು. ಮೊದಲು ಜೇನ್ನೊಣಗಳು ಬಂದವು. ಗೌಜಲ ಹಕ್ಕಿಯೊಂದು ಪುಟ್ಟ ಮರಿಗಳನ್ನು ಹಿಂದಿಟ್ಟುಕೊಂಡು ಬಂತು. ಬಹಳ ಹೊತ್ತಿನ ಮೇಲೆ ಹುಲ್ಲು ಸರಿಯಿತು. ಸುರುಳಿ ಕೊಂಬಿನ ಚಿಗರಿ ಮೆಲ್ಲಗೆ ಬಂದು ಮೂತಿಯಿಟ್ಟಿತು.

"ಎಷ್ಟ್ ನೀರಡಿಸಿತ್ತೋ, ಪಾಪ" ಎಂದು ಅಪ್ಪ ಪಿಸುಗುಟ್ಟಿದ.

ನೀರು ಹಾಳು ಮಾಡಿದೆನೆಂದು ಅಕ್ಕ ಬೈದಳು. ಚಿಗರಿಯ ಸುದ್ದಿ ಕೇಳಿದ ಮೇಲೆ ತಾನೇ ಕೊಡ ಹೊತ್ತು ನನಗಿಂತ ಮುಂದೆ ನಡೆದಳು. ಮಳೆ ಬರುವವರೆಗೂ ಆ ತಗ್ಗು ಒಣಗಲು ನಾವು ಬಿಡಲಿಲ್ಲ.

ಹುಮನಾಬಾದಿನಲ್ಲಿರುವ ನನ್ನ ಮೊಮ್ಮಕ್ಕಳು ಬೆಂಕಿ ಉಗುಳುವ ಪರ್ವತಗಳನ್ನು, ದೂರದೇಶದ ಆನೆ, ಜಿರಾಫೆಗಳನ್ನು ಮೊಬೈಲಿನಲ್ಲೇ ನೋಡುತ್ತಾರೆ. ನಾನೆಂದೂ ಕಾಣದ ಪ್ರಾಣಿಗಳ ಹೆಸರು ನನಗೇ ಕಲಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರನ್ನು ಗುಡ್ಡಕ್ಕೆ ಕರೆದೊಯ್ದೆ. ಅದೇ ತಗ್ಗಿಗೆ ನೀರು ತುಂಬಿ, ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಗೌಜಲ ಹಕ್ಕಿ ಇನ್ನೇನು ಹತ್ತಿರ ಬಂತು ಅನ್ನುವಾಗ ಚಿಕ್ಕ ಮೊಮ್ಮಗಳಿಗೆ ಬಿಕ್ಕಳಿಕೆ ಬಂದುಬಿಟ್ಟಿತು. ಹಕ್ಕಿ ಭರ್ರನೆ ಹಾರಿತು.

"ಅಜ್ಜಾ, ಹಿಂದಕ್ಕ ಮಾಡ್ರಿ, ನಾ ಪೂರಾ ನೋಡಲಿಲ್ಲ!" ಅಂದಳು.

"ಇದು ಮೊಬೈಲ್ ಅಲ್ಲವ್ವಾ. ಕುಂತು ಕಾಯಬೇಕು."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಹಕ್ಕಿ ತಿರುಗಿ ಬಂತು.